ದಾಟಿದವರು: ಸೊನ್ನೆ

ನಮ್ಮ ನಗರ ಯೋಜನಾ ಕಚೇರಿಯಲ್ಲಿ ಒಂದು ಹೆಬ್ಬೆರಳಿದೆ. ಬೇರೆ ಹೆಬ್ಬೆರಳುಗಳೂ ಇವೆ. ಆದರೆ ಅವು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹಾಜರಿ ಯಂತ್ರಕ್ಕೆ ಒತ್ತಿಸಿಕೊಂಡು ಮಿಕ್ಕ ಹೊತ್ತು ಜೇಬಿನೊಳಗೆ ಬೆಚ್ಚಗಿರುವಂಥವು. ನಾನು ಹೇಳುತ್ತಿರುವುದು ಎಣಿಕೆಯಣ್ಣನ ಬಲಗೈ ಹೆಬ್ಬೆರಳಿನ ಮಾತು. ಮೂವತ್ತೆರಡು ವರ್ಷಗಳಿಂದ ಈ ನಗರದಲ್ಲಿ ಅದರ ಮುಂದೆ ಹಾದುಹೋದ ಪ್ರತಿಯೊಂದು ವಾಹನಕ್ಕೂ ಒಂದೊಂದು ಸಲ ಬಾಗಿ ಎದ್ದ ಹೆಬ್ಬೆರಳು ಅದು. ಯಾವ ಚಕ್ರವರ್ತಿಯ ಎದುರೂ ಯಾವ ಸೇವಕನೂ ಇಷ್ಟು ಸಲ ತಲೆಬಾಗಿರಲಿಕ್ಕಿಲ್ಲ.

ಈ ಹೆಬ್ಬೆರಳಿನ ಮಹಿಮೆಯನ್ನು ಕುರಿತು ನಮ್ಮ ಕಚೇರಿಯಲ್ಲಿ ಹುಟ್ಟಿಕೊಂಡಿರುವ ಕಥೆಗಳನ್ನು ಬರೆದಿಟ್ಟರೆ ಒಂದು ಪುರಾಣವಾದೀತು. ತನ್ನ ಮದುವೆಯ ದಿನ ಎಣಿಕೆಯಣ್ಣ ಮಂಟಪದ ಬಾಗಿಲಿಗೆ ಮುಖ ಮಾಡಿ ಕುಳಿತಿದ್ದನಂತೆ. ಬಂದವರು ನಾನೂರ ಹನ್ನೆರಡು, ಅದರಲ್ಲಿ ಒಂಬತ್ತು ಮಂದಿ ಎರಡನೇ ಪಂಕ್ತಿಗೂ ಕುಳಿತವರು ಎಂದು ಸಂಜೆ ಮಾವನಿಗೆ ವರದಿ ಒಪ್ಪಿಸಿದನಂತೆ. ಹಲ್ಲಿನ ಡಾಕ್ಟರು ದವಡೆ ಹಲ್ಲು ಕಿತ್ತು, ನೋವಾಯಿತೇ ಎಂದು ಕೇಳಿದಾಗ ಹದಿನೇಳು ಬೈಕು, ಎರಡು ಬಸ್ಸು ಎಂದನಂತೆ. ಡಾಕ್ಟರ ಕಿಟಕಿ ರಸ್ತೆಗೆ ತೆರೆದಿತ್ತು. ನಿದ್ದೆಯಲ್ಲೂ ಹೆಬ್ಬೆರಳು ಆಡುತ್ತಿರುತ್ತದೆ, ಕನಸಿನಲ್ಲಿ ಟ್ರಾಫಿಕ್ ಜಾಮ್ ಆದರೆ ಮಾತ್ರ ನಿಲ್ಲುತ್ತದೆ ಎಂದು ಅವನ ಹೆಂಡತಿಯೇ ಹೇಳಿದ್ದು. ಇದರಲ್ಲಿ ನಿಜವೆಷ್ಟು, ನಾವು ಸೇರಿಸಿದ್ದೆಷ್ಟು ಎಂಬುದು ಈಗ ನಮಗೂ ನೆನಪಿಲ್ಲ.

ಆದರೆ ಕ್ಯಾಮೆರಾದ ಯುದ್ಧ ನಾನೇ ಕಣ್ಣಾರೆ ಕಂಡದ್ದು. ಮೂರು ವರ್ಷದ ಹಿಂದೆ ವಾಹನಗಳನ್ನು ತಾನೇ ಎಣಿಸುವ ಕ್ಯಾಮೆರಾ ಬಂತು. ದೊಡ್ಡ ಸರ್ಕಲ್ಲಿನಲ್ಲಿ ಒಂದು ಕಡೆ ಅದನ್ನು ಕಂಬಕ್ಕೇರಿಸಿದರು, ಇನ್ನೊಂದು ಕಡೆ ಎಣಿಕೆಯಣ್ಣ ಮಡಚುವ ಸ್ಟೂಲು ಹಾಕಿ ಕುಳಿತ. ಕೈಯಲ್ಲಿ ಒಂದು ಸಲ ಒತ್ತಿದರೆ ಒಂದು ಅಂಕಿ ಏರುವ ಪುಟ್ಟ ಯಂತ್ರ, ತೊಡೆಯ ಮೇಲೆ ಹಲಗೆ, ಹಲಗೆಗೆ ಸಿಕ್ಕಿಸಿದ ನಮೂನೆ, ಕಿವಿಯ ಮೇಲೆ ಪೆನ್ಸಿಲ್. ಸಂಜೆ ನೋಡಿದರೆ ಇಬ್ಬರ ಲೆಕ್ಕಕ್ಕೂ ನಾನೂರರ ವ್ಯತ್ಯಾಸ. ಚಿತ್ರ ತೆಗೆದು ಪರೀಕ್ಷಿಸಿದಾಗ ತಿಳಿದದ್ದೇನೆಂದರೆ, ಲಾರಿಗಳ ಮೇಲೆ ಹೇರಿಕೊಂಡು ಹೋಗುತ್ತಿದ್ದ ಹೊಸ ಕಾರುಗಳನ್ನೂ ಕ್ಯಾಮೆರಾ ಬಿಡದೆ ಎಣಿಸಿತ್ತು. ಬ್ಯಾನರಿನಲ್ಲಿ ಅಚ್ಚಾಗಿದ್ದ ಒಂದು ಕಾರನ್ನಂತೂ ಬೆಳಗಿನಿಂದ ಸಂಜೆವರೆಗೆ, ಗಾಳಿಗೆ ಬ್ಯಾನರು ಅಲ್ಲಾಡಿದಾಗಲೆಲ್ಲ. ಅಂದಿನಿಂದ ನಮ್ಮ ಕಚೇರಿಯಲ್ಲಿ ಕ್ಯಾಮೆರಾಕ್ಕೆ ಸಂಶಯ ಬಂದರೆ ಹೆಬ್ಬೆರಳನ್ನು ಕೇಳುವ ಪದ್ಧತಿ.

ಕೆಲಸ ಇಷ್ಟೇ. ರಸ್ತೆ ಅಗಲವಾಗಬೇಕೋ, ಸಿಗ್ನಲ್ ಬೇಕೋ, ಫ್ಲೈಓವರ್ ಬೇಕೋ ಎಂದು ದೊಡ್ಡವರು ತೀರ್ಮಾನಿಸುವ ಮೊದಲು ಯಾರಾದರೊಬ್ಬರು ಹೋಗಿ, ಅಲ್ಲಿ ಓಡಾಡುವುದು ಎಷ್ಟು ಎಂದು ಎಣಿಸಿ ಬರಬೇಕು. ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ, ಹದಿನೈದು ನಿಮಿಷಕ್ಕೆ ಒಂದು ಸಾಲು. ಆಮೇಲೆ ಅದೆಲ್ಲವನ್ನೂ ಕಾರಿನ ಲೆಕ್ಕಕ್ಕೆ ಇಳಿಸುತ್ತೇವೆ. ಒಂದು ಬಸ್ಸೆಂದರೆ ಮೂರು ಕಾರು. ಒಂದು ಸೈಕಲ್ಲೆಂದರೆ ಅರ್ಧ ಕಾರು. ಒಬ್ಬ ಮನುಷ್ಯನೆಂದರೆ ಎಷ್ಟು ಕಾರು ಎಂದು ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಕೇಳಿದ್ದೆ. ನಕ್ಷೆ ವಿಭಾಗದ ಹಿರಿಯರು ಕೋಷ್ಟಕವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಅದಿನ್ನೂ ತೀರ್ಮಾನವಾಗಿಲ್ಲ ಎಂದಿದ್ದರು. ಇವತ್ತಿಗೂ ಆಗಿಲ್ಲ.

ಎಣಿಕೆಯಣ್ಣನಿಗೆ ಎಣಿಸಲು ಕಲಿಸಿದವಳು ಅವನ ಅಕ್ಕ. ತಾಯಿ ತೀರಿಕೊಂಡಾಗ ಇವನಿಗೆ ಆರು, ಅವಳಿಗೆ ಹದಿನೇಳು. ಅಂಗಿ ಕಾರ್ಖಾನೆಯಿಂದ ಗುಂಡಿ ಹೊಲಿಯುವ ಕೆಲಸವನ್ನು ಮನೆಗೆ ತರುತ್ತಿದ್ದಳು. ಅಂಗಿಗೆ ಎಂಟು ಗುಂಡಿಯಂತೆ ಎಣಿಸಿ ಸಾಲಾಗಿ ಇಡುವುದು ಇವನ ಪಾಲು. ಎಂಟರ ಬದಲು ಏಳಿಟ್ಟರೆ ತಲೆಗೊಂದು ಮೊಟಕು, ಒಂಬತ್ತಿಟ್ಟರೆ ಎರಡು. ಹೆಚ್ಚು ಹೇಳುವುದು ಕಡಿಮೆ ಹೇಳುವುದಕ್ಕಿಂತ ದೊಡ್ಡ ತಪ್ಪು ಎಂಬುದು ಅವಳ ನ್ಯಾಯಶಾಸ್ತ್ರ. ಅವಳಿಗೆ ಗಂಡು ನೋಡುವ ಕಾಲ ಬಂದಾಗ ಅವಳು ಹಾಕಿದ ಷರತ್ತು ಒಂದೇ. ಹುಡುಗ ಹೇಗಾದರೂ ಇರಲಿ, ಆ ಮನೆಯಿಂದ ಕೂಗಿದರೆ ಈ ಮನೆಗೆ ಕೇಳಿಸಬೇಕು. ಅಷ್ಟು ಹತ್ತಿರದಲ್ಲಿದ್ದ ಗಂಡು ಎದುರು ಮನೆಯವನು ಮಾತ್ರ. ಅವನಿಗೇ ಕೊಟ್ಟರು. ಹುಡುಗ ಒಳ್ಳೆಯವನೂ ಆಗಿದ್ದದ್ದು ಲಾಭದ ಬಾಬತ್ತು.

ಆ ಬೀದಿಯ ಅಗಲ ಹನ್ನೆರಡು ಹೆಜ್ಜೆ. ಸಂಜೆ ಕೆಲಸ ಮುಗಿಸಿ ಬಂದು, ಕೈಕಾಲು ತೊಳೆದು, ಎಣಿಕೆಯಣ್ಣ ಆ ಹನ್ನೆರಡು ಹೆಜ್ಜೆ ನಡೆದು ಅಕ್ಕನ ಮನೆಯ ಮೆಟ್ಟಿಲ ಮೇಲೆ ಕೂರುತ್ತಿದ್ದ. ಅವಳೂ ಬಂದು ಕೂರುತ್ತಿದ್ದಳು. ಮಾತು ಕಡಿಮೆ. ಅವಳು ಬೀನ್ಸಿನ ನಾರು ಬಿಡಿಸುವಳು, ಇವನು ಬೀದಿ ನೋಡುವನು. ಕತ್ತಲಾಗುವಾಗ ಒಬ್ಬರು ಆಕಳಿಸಿದರೆ ಇನ್ನೊಬ್ಬರೂ ಆಕಳಿಸಿ ಎದ್ದು ಒಳಗೆ ಹೋಗುವರು. ಹೀಗೆ ಇಪ್ಪತ್ತೈದು ವರ್ಷ. ಭಾವ ತೀರಿಕೊಂಡ ಮೇಲೂ, ಮಗಳಿಗೆ ಮದುವೆಯಾಗಿ ಅಳಿಯ ಮನೆಗೇ ಬಂದ ಮೇಲೂ, ಮೊಮ್ಮಗಳು ಹುಟ್ಟಿದ ಮೇಲೂ ಆ ಮೆಟ್ಟಿಲಿಗೆ ರಜೆಯಿರಲಿಲ್ಲ.

ಅಲ್ಲಿಗೆ ರಸ್ತೆ ಬಂತು. ತಂದವನು ಯಾರು? ಅದೂ ಎಣಿಕೆಯಣ್ಣನೇ. ನಗರದ ಆ ಭಾಗ ವಾಹನದ ಭಾರಕ್ಕೆ ಬಿರಿಯುತ್ತಿದೆ ಎಂದು ತೋರಿಸಿಕೊಟ್ಟದ್ದು ಅವನ ನಮೂನೆಗಳೇ. ಎಲ್ಲವೂ ಸತ್ಯ, ಒಂದು ಗೆರೆ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಅದರ ಆಧಾರದ ಮೇಲೆ ನಮ್ಮ ನಕ್ಷೆ ವಿಭಾಗದಲ್ಲಿ ಗೆರೆ ಎಳೆದೆವು. ನಾನೂ ಎಳೆದೆ, ಪಾಪದಲ್ಲಿ ನನಗೂ ಪಾಲಿದೆ. ಪಕ್ಕದ ಬೀದಿಯ ಎರಡು ಸಾಲು ಮನೆ, ಇವನ ಮನೆಯ ಮುಂದಿನ ಎಂಟು ಅಡಿ ಎಂದೆಲ್ಲ ಹಲವು ಗೆರೆಗಳನ್ನು ಯೋಚಿಸಿ, ಕೊನೆಗೆ ಅಕ್ಕನ ಸಾಲನ್ನು ಪೂರ್ತಿ ಕೆಡವಿ, ಆ ಮನೆಯವರಿಗೆಲ್ಲ ಹಿಂದಿನ ಖಾಲಿ ಜಾಗದಲ್ಲಿ ಹೊಸ ಮನೆ ಕೊಟ್ಟರು. ಹೊಸ ಮನೆ ಹಳೆಯದಕ್ಕಿಂತ ದೊಡ್ಡದು, ಗಾಳಿ ಬೆಳಕು ಚೆನ್ನಾಗಿದೆ. ಎರಡು ಮನೆಗಳ ನಡುವೆ ಮಾತ್ರ ಎಂಟು ಸಾಲಿನ ರಸ್ತೆ, ಅದರ ಮಧ್ಯೆ ಕಬ್ಬಿಣದ ಬೇಲಿ ನೆಟ್ಟ ಡಿವೈಡರ್, ಡಿವೈಡರಿನ ತಲೆಯ ಮೇಲೆ ಫ್ಲೈಓವರ್. ಹನ್ನೆರಡು ಹೆಜ್ಜೆಯ ದಾರಿಗೆ ಈಗ ಎರಡು ಬಸ್ಸು: ಒಂದು ಬಸ್ಸು ಹತ್ತಿ ಯೂ-ಟರ್ನ್ ದಾಟಿ ಮಾರುಕಟ್ಟೆಯವರೆಗೆ ಹೋಗಿ, ಇನ್ನೊಂದು ಹತ್ತಿ ವಾಪಸ್ಸು ಬರಬೇಕು. ಬೇಗ ಸಿಕ್ಕಿದರೆ ಒಂದು ಗಂಟೆ ಹತ್ತು ನಿಮಿಷ.

ರಸ್ತೆ ಉದ್ಘಾಟನೆಯಾದ ದಿನ ಅಕ್ಕ ಫೋನಿನಲ್ಲಿ ಅವನಿಗೆ ಹೇಳಿದ್ದು ಒಂದೇ ಮಾತು. “ನೀನೇ ಎಣಿಸಿ ಎಣಿಸಿ ತಂದ ರಸ್ತೆ, ಚೆನ್ನಾಗಿದೆ ಕಣೋ.”

ಭಾನುವಾರ ಇವನು ಹೋಗಿ ಬರುತ್ತಿದ್ದ. ಅವಳಿಗೆ ಮಂಡಿನೋವು, ಬಸ್ಸಿನ ಮೆಟ್ಟಿಲು ಎತ್ತರ. ಮಿಕ್ಕ ಆರು ದಿನ ಇಬ್ಬರೂ ಸಂಜೆ ತಮ್ಮ ತಮ್ಮ ತಾರಸಿಗೆ ಹತ್ತುತ್ತಿದ್ದರು. ಫ್ಲೈಓವರಿನ ಗೋಡೆಯ ಮೇಲಿಂದ ಅವಳ ತಲೆ, ಭುಜ ಕಾಣುವುದು. ಅವಳು ಒಂದು ಕೆಂಪು ಟವೆಲ್ ಬೀಸುವಳು, ಇವನು ಹಲಗೆ ಎತ್ತುವನು. ಮಾತಾಡುವುದಕ್ಕೆ ಫೋನ್ ಇದೆಯಲ್ಲ, ಇದೆಂಥ ದೊಂಬರಾಟ ಎಂದು ಅವನ ಹೆಂಡತಿ ರೇಗುತ್ತಿದ್ದಳು. ಒಮ್ಮೆ ಅವನು ಉತ್ತರ ಕೊಟ್ಟನಂತೆ: ಫೋನಿನಲ್ಲಿ ಊಟ ಆಯ್ತಾ ಎಂದು ಕೇಳಿ, ಆಯ್ತು ಎಂದು ಹೇಳಿದ ಮೇಲೆ ಏನು ಮಾಡುವುದು? ಇಬ್ಬರೂ ಸುಮ್ಮನಾದರೆ ಲೈನ್ ಕಟ್ಟಾಯಿತೇನೋ ಎಂದು ಹಲೋ ಹಲೋ ಎನ್ನಬೇಕು. ಇಬ್ಬರು ಸುಮ್ಮನೆ ಕೂರುವುದಕ್ಕೆ ಅನುಕೂಲವಾದ ಫೋನನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ.

ನನ್ನ ಹತ್ತಿರ ಒಂದು ದಿನ ಚಹಾ ಕುಡಿಯುತ್ತ ಇನ್ನೊಂದು ಮಾತು ಹೇಳಿದ. ಮೊದಲು ಬೆಳಗ್ಗೆ ಏಳುವಾಗ ಎದುರುಮನೆಯಿಂದ ಅಕ್ಕನ ಕೆಮ್ಮು ಕೇಳಿಸುತ್ತಿತ್ತಂತೆ. ಬಕೆಟ್ಟು ಇಟ್ಟ ಸದ್ದು, ಚಿಲಕ ತೆಗೆದ ಸದ್ದು, ರೇಡಿಯೋ. ಅದೆಲ್ಲ ಕೇಳಿಸುತ್ತಿದೆ ಎಂದು ಆಗ ಅವನಿಗೆ ಗೊತ್ತೇ ಇರಲಿಲ್ಲ. ಈಗ ಬೆಳಿಗ್ಗೆ ಎದ್ದು ಕಿವಿಗೊಟ್ಟರೆ ಲಾರಿಗಳು ಗೇರ್ ಬದಲಿಸುವುದು ಮಾತ್ರ. ಇಷ್ಟು ಹೇಳಿ ಅವನು ಚಹಾದ ಲೋಟವನ್ನು ಕೆಳಗಿಟ್ಟು, ಹೊರಗೆ ನಿಂತಿದ್ದ ಸ್ಕೂಟರುಗಳ ಕಡೆ ನೋಡತೊಡಗಿದ.

ಆರು ವರ್ಷ ಹೀಗೇ ಕಳೆಯಿತು. ಏಳನೇ ವರ್ಷ ನಮ್ಮ ಕಚೇರಿಗೆ ಒಂದು ಒಳ್ಳೆಯ ಬುದ್ಧಿ ಬಂತು. ದೊಡ್ಡ ರಸ್ತೆಗಳಲ್ಲಿ ಕಾಲುನಡಿಗೆಯವರು ದಾಟುವುದಕ್ಕೆ ಮೂರು ಕಡೆ ಅನುಕೂಲ ಮಾಡುವುದು, ಎಲ್ಲಿ ಎಂಬುದನ್ನು ಎಣಿಸಿ ನಿರ್ಧರಿಸುವುದು ಎಂದು ಆದೇಶವಾಯಿತು. ಗಂಟೆಗೆ ನೂರು ಜನ ದಾಟುವ ಜಾಗಕ್ಕೆ ಆದ್ಯತೆ. ಪಟ್ಟಿಯಲ್ಲಿದ್ದ ಹದಿನಾಲ್ಕು ಜಾಗಗಳಲ್ಲಿ ಒಂದು ಎಣಿಕೆಯಣ್ಣನ ಮನೆಯ ಮುಂದಿನದು. ಎಣಿಸಲು ಹೋಗಬೇಕಾದವನೂ ಅವನೇ.

ಆ ದಿನ ಬೆಳಿಗ್ಗೆ ಅವನು ತನ್ನ ಮನೆಯ ಗೇಟಿನಿಂದ ಐದು ಹೆಜ್ಜೆ ದೂರದಲ್ಲಿ ಸ್ಟೂಲು ಹಾಕಿದ. ಆಚೆ ಕಡೆ, ಫ್ಲೈಓವರಿನ ಕಂಬಗಳ ಸಂದಿನಿಂದ ಕಾಣುವಂತೆ, ರಸ್ತೆಯ ಅಂಚಿಗೆ ಅಕ್ಕ ಬಂದು ನಿಂತಳು. ತಮ್ಮ ತನಗಾಗಿಯೇ ಎಣಿಸುತ್ತಿದ್ದಾನೆ ಎಂಬ ಖುಷಿ ಅವಳಿಗೆ. ಮಧ್ಯಾಹ್ನದವರೆಗೆ ನಿಂತಳು, ಊಟ ಮಾಡಿ ಬಂದು ಮತ್ತೆ ನಿಂತಳು. ಅವಳಂತೆಯೇ ಆ ಕಡೆ, ಈ ಕಡೆ ಬಹಳ ಮಂದಿ ಬಂದರು, ನಿಂತರು, ಎಡಕ್ಕೆ ಬಲಕ್ಕೆ ನೋಡಿದರು, ಬೇಲಿಯನ್ನೂ ಲಾರಿಗಳನ್ನೂ ಬೈದರು, ಹಿಂದಿರುಗಿದರು. ಎಣಿಕೆಯಣ್ಣ ದಾಟಿದವರು ಎಂಬ ಅಂಕಣದಲ್ಲಿ ಹದಿನೈದು ನಿಮಿಷಕ್ಕೊಂದರಂತೆ ನಲವತ್ತೆಂಟು ಸೊನ್ನೆ ಬರೆದ. ಕೊನೆಯ ಷರಾ ಅಂಕಣದಲ್ಲಿ ‘ಬೇಲಿ ಇರುವುದರಿಂದ ದಾಟಲು ದಾರಿಯಿಲ್ಲ’ ಎಂದೂ ಬರೆದ. ಆದರೆ ಷರಾ ಅಂಕಣವನ್ನು ಕಂಪ್ಯೂಟರಿಗೆ ತುಂಬುವ ಪದ್ಧತಿ ನಮ್ಮಲ್ಲಿಲ್ಲ. ಕಂಪ್ಯೂಟರಿಗೆ ಅಂಕಿ ಮಾತ್ರ ಇಷ್ಟ. ದಾಟಿದವರು ಸೊನ್ನೆ, ಆದ್ದರಿಂದ ದಾಟುವ ಅಗತ್ಯ ಸೊನ್ನೆ ಎಂದು ಅದು ಒಂದು ಕ್ಷಣದಲ್ಲಿ ತೀರ್ಪು ಕೊಟ್ಟು, ಹದಿನಾಲ್ಕರಲ್ಲಿ ಹದಿನಾಲ್ಕನೆಯ ಸ್ಥಾನ ದಯಪಾಲಿಸಿತು.

ಅಂದು ರಾತ್ರಿಯೇ ಅಕ್ಕ ಫೋನ್ ಮಾಡಿದಳು.

“ಎಷ್ಟು ಬರೆದೆ?”

“ಸೊನ್ನೆ.”

“ಬೆಳಿಗ್ಗೆಯಿಂದ ನಿಂತಿದ್ದೆನಲ್ಲೋ. ಕಾಣಲಿಲ್ವಾ?”

“ಕಂಡೆ. ನಿಂತವರಿಗೆ ಕಾಲಂ ಇಲ್ಲ ಅಕ್ಕ. ದಾಟಿದವರಿಗೆ ಮಾತ್ರ.”

ಆ ಕಡೆ ಸ್ವಲ್ಪ ಹೊತ್ತು ಏನೂ ಇಲ್ಲ. ಇವನು ಹಲೋ ಎನ್ನಲಿಲ್ಲ.

“ಹಾಗಾದ್ರೆ ನಿನ್ನ ಲೆಕ್ಕದಲ್ಲಿ ನಾನು ಇಲ್ಲ,” ಎಂದು ಅವಳು ಫೋನಿಟ್ಟಳು.

ಮಾರನೇ ದಿನದಿಂದ ತಾರಸಿಯ ಮೇಲೆ ಕೆಂಪು ಟವೆಲ್ ಇಲ್ಲ. ಎಣಿಕೆಯಣ್ಣ ಸಂಜೆ ಆರಕ್ಕೆ ಹತ್ತಿ ಕಾಯುವನು, ಇಳಿಯುವನು, ಏಳಕ್ಕೆ ಮತ್ತೆ ಹತ್ತುವನು. ತನಗೆ ಟೈಫಾಯ್ಡ್ ಬಂದಾಗಲೂ ಈ ಮನುಷ್ಯ ಇಷ್ಟು ಸಲ ಮೆಟ್ಟಿಲು ಹತ್ತಿಳಿದಿರಲಿಲ್ಲ ಎಂದು ಹೆಂಡತಿ ನೆರೆಹೊರೆಗೆಲ್ಲ ಸಾರಿದಳು. ಭಾನುವಾರ ಎರಡು ಬಸ್ಸು ಹತ್ತಿ ಹೋದ. ಅಕ್ಕ ಬಾಗಿಲು ತೆರೆದಳು, ಕೂರಿಸಿದಳು, ಹವಾಮಾನದ ವಿಷಯ ಮಾತಾಡಿದಳು, ಚಹಾ ಕೊಟ್ಟಳು. ಕೊಟ್ಟದ್ದು ಬೀರುವಿನಿಂದ ತೆಗೆದ, ಚಿನ್ನದ ಅಂಚಿನ, ನೆಂಟರಿಗೆ ಕೊಡುವ ಕಪ್ಪಿನಲ್ಲಿ. ಅಷ್ಟು ವರ್ಷ ಹಿಡಿ ಮುರಿದ ಒಂದು ನೀಲಿ ಕಪ್ಪು ಆ ಮನೆಯಲ್ಲಿ ಅವನದಾಗಿತ್ತು. ಅವನು ಚಹಾ ಅರ್ಧ ಕುಡಿದು ಎದ್ದು ಬಂದ.

ಇತ್ತ ಬೀದಿಯವರು ಸುಮ್ಮನಿರಲಿಲ್ಲ. ಎಣಿಕೆಯಣ್ಣನ ಪಕ್ಕದ ಮನೆಯಲ್ಲಿ ಇಸ್ತ್ರಿ ಅಂಗಡಿಯವನಿದ್ದಾನೆ. ರಸ್ತೆ ಬಂದಾಗಿನಿಂದ ಅವನ ಅರ್ಧದಷ್ಟು ಗಿರಾಕಿಗಳು ಆಚೆ ದಡದಲ್ಲಿ ಸುಕ್ಕುಗಟ್ಟಿದ ಬಟ್ಟೆಯಲ್ಲೇ ಓಡಾಡುತ್ತಿದ್ದರು. ಅವನು ಮರು ಎಣಿಕೆಯಾಗಬೇಕೆಂದು ಅರ್ಜಿ ಬರೆಸಿ ಎರಡೂ ಕಡೆಯವರ ಸಹಿ ಹಾಕಿಸಿದ. ಆ ಕಡೆಯವರ ಸಹಿಗೆ ಅರ್ಜಿಯೂ ಎರಡು ಬಸ್ಸು ಹತ್ತಿ ಹೋಗಿ ಬಂತು. ನಮ್ಮ ಮುಖ್ಯ ಯೋಜನಾಧಿಕಾರಿಣಿ, ನಾವೆಲ್ಲ ಮೇಡಂ ಎನ್ನುವವರು, ಅರ್ಜಿ ಓದಿ ಒಪ್ಪಿದರು. ಹೋಗಬೇಕಾದವರು ಯಾರು ಎಂಬ ಕಡೆ ಎಣಿಕೆಯಣ್ಣನ ಹೆಸರು ಬರೆದರು.

ಅವನು ಅವರ ಕೋಣೆಗೆ ಹೋಗಿ ನಿಂತ. ಈ ಕಡೆ ನನ್ನ ಮನೆ, ಆ ಕಡೆ ನನ್ನ ಅಕ್ಕನ ಮನೆ, ನನ್ನನ್ನು ಕಳಿಸಬೇಡಿ ಎಂದ. ಮೇಡಂ ಕನ್ನಡಕ ತೆಗೆದು ಅವನನ್ನು ನೋಡಿ, ಹೋದ ಸಲವೂ ಅಲ್ಲೇ ಇತ್ತಲ್ಲವೇ ಮನೆ ಎಂದು ಕೇಳಿದರು. ಹೌದು ಎಂದ. ಆಗ ಸೊನ್ನೆ ಬರೆದಿರಿ, ಹಾಗಾಗಿ ನೀವೇ ಹೋಗಿ ಎಂದರು.

ಇನ್ನು ಉಪದೇಶಗಳ ಮಳೆ. ನಾನೂ ಒಂದು ಹನಿ ಸುರಿಸಿದೆ: ನೂರು ಬೇಡ, ಗಂಟೆಗೆ ಒಂದು ಇಪ್ಪತ್ತು ಬರೆದರೂ ಸಾಕು, ಮಿಕ್ಕದ್ದನ್ನು ನಕ್ಷೆ ವಿಭಾಗ ನೋಡಿಕೊಳ್ಳುತ್ತದೆ ಎಂದೆ. ಅವನು ನನ್ನನ್ನು ನೋಡಿದ ನೋಟಕ್ಕೆ ನನಗೆ ಎಂಟರ ಬದಲು ಒಂಬತ್ತು ಗುಂಡಿ ಇಟ್ಟ ಅನುಭವವಾಯಿತು. ಹೆಂಡತಿ, ನಿಮ್ಮಕ್ಕನಿಗಾಗಿ ಅಲ್ಲದಿದ್ದರೂ ನನ್ನ ಕಿವಿಗಳಿಗಾಗಿಯಾದರೂ ಬರೆಯಿರಿ, ಆ ಮೆಟ್ಟಿಲು ಹತ್ತುವ ಸದ್ದು ನಿಲ್ಲಲಿ ಎಂದಳು. ಇಸ್ತ್ರಿಯವನ ವಾದ ಎಲ್ಲಕ್ಕಿಂತ ಸರಳ.

“ಅಣ್ಣ, ನಾಲ್ಕು ಗೆರೆ ಜಾಸ್ತಿ ಎಳೆದ್ರೆ ನಿಮ್ಮ ಪೆನ್ಸಿಲ್ ಸವೆದು ಹೋಗತ್ತಾ?”

“ಪೆನ್ಸಿಲ್ ಆಫೀಸಿಂದು,” ಎಂದ ಎಣಿಕೆಯಣ್ಣ.

ಇವನಿಂದ ಕೆಲಸವಾಗದು ಎಂದು ತಿಳಿದ ಇಸ್ತ್ರಿಯವನು ಯುದ್ಧದ ಮಾರ್ಗ ಹಿಡಿದ. ಅಷ್ಟರಲ್ಲಿ ಅದೃಷ್ಟಕ್ಕೆ ಒಂದು ಮರಳು ಲಾರಿ ಡಿವೈಡರಿಗೆ ಗುದ್ದಿ ಬೇಲಿಯ ಎರಡು ಅಂಕಣ ಉರುಳಿಸಿತ್ತು. ಒಬ್ಬ ಮನುಷ್ಯ ನುಸುಳುವಷ್ಟು ದಾರಿ. ಎಣಿಕೆಯ ದಿನ ಹನ್ನೊಂದು ಜನರ ಸೈನ್ಯ ರಸ್ತೆಯಂಚಿಗೆ ಬಂದು ನಿಂತಿತು. ಹೋಗುವುದು, ಬರುವುದು, ಮತ್ತೆ ಹೋಗುವುದು, ಸಂಜೆಯೊಳಗೆ ಸಾವಿರ ಮುಟ್ಟಿಸುವುದು ಎಂಬುದು ವ್ಯೂಹ. ಸೇನಾಪತಿ ಒಂದು ಕಾಲು ರಸ್ತೆಗಿಟ್ಟ. ನೀರಿನ ಟ್ಯಾಂಕರೊಂದು ಹಾರನ್ ಬಾರಿಸುತ್ತ ಅವನ ಮೂಗಿನ ಮುಂದೆ ಹಾದುಹೋಯಿತು. ಕಾಲು ಹಿಂದಕ್ಕೆ ಬಂತು. ಅರ್ಧ ಗಂಟೆಯಲ್ಲಿ ಸೈನ್ಯದ ಒಬ್ಬೊಬ್ಬರಿಗೂ ಮನೆಯಲ್ಲಿ ಒಲೆಯ ಮೇಲಿಟ್ಟು ಬಂದ ಹಾಲು, ನಲ್ಲಿಯ ಕೆಳಗಿಟ್ಟು ಬಂದ ಬಕೆಟ್ಟು ನೆನಪಾಗತೊಡಗಿದವು. ಹತ್ತೂವರೆಗೆ ರಣರಂಗದಲ್ಲಿ ಉಳಿದವನು ಸೇನಾಪತಿಯೊಬ್ಬನೇ. ಅವನಿಗೂ ಇಸ್ತ್ರಿ ಪೆಟ್ಟಿಗೆಯ ಕೆಂಡದ ಚಿಂತೆ. ನಮೂನೆಯಲ್ಲಿ ಹತ್ತು ಸೊನ್ನೆಗಳಾಗಿದ್ದವು.

ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಆಚೆ ಕಡೆ ಒಂದು ಕಪ್ಪು ಕೊಡೆ ಕಾಣಿಸಿತು. ಕೊಡೆಯ ಕೆಳಗೆ ಅಕ್ಕ. ಕೈಯಲ್ಲೊಂದು ಬಟ್ಟೆಯ ಚೀಲ. ಅವಳು ಯಾರಿಗೂ ಹೇಳಿ ಬಂದಿರಲಿಲ್ಲ. ಎಡಕ್ಕೆ ನೋಡಿದಳು, ಬಲಕ್ಕೆ ನೋಡಲಿಲ್ಲ, ಕೊಡೆ ಮಡಚಿ ಅದನ್ನೇ ಮುಂದಕ್ಕೆ ಚಾಚಿ ರಸ್ತೆಗಿಳಿದಳು. ಒಂದು ಬಸ್ಸು ಕಿರ್ರೆಂದು ನಿಂತಿತು. ಅದರ ಹಿಂದೆ ಎಲ್ಲವೂ ನಿಂತವು. ನಾಲ್ಕು ಸಾಲು ವಾಹನಗಳನ್ನು ಒಂದು ಕೊಡೆಯ ತುದಿಯಿಂದ ತಡೆದು, ಒಂದು ಕಾಲು ಎಳೆಯುತ್ತ, ಮುರಿದ ಬೇಲಿಯ ಬಳಿ ಬಂದು ಫ್ಲೈಓವರಿನ ಕಂಬಕ್ಕೆ ಕೈಕೊಟ್ಟು ನಿಂತಳು. ಅಲ್ಲಿಂದ ಮುಂದಕ್ಕೆ ಕಾಲು ಏಳಲಿಲ್ಲ. ಮಂಡಿ ಹಿಡಿದುಕೊಂಡಿತ್ತು.

ತಾರಸಿಯಿಂದ ಕಾಣುತ್ತಿದ್ದದ್ದು ತಲೆ, ಭುಜ. ಭಾನುವಾರ ಅವಳು ಕುರ್ಚಿಯಲ್ಲಿ ಕುಳಿತಿರುತ್ತಿದ್ದಳು. ಮೊದಲ ಎಣಿಕೆಯ ದಿನ ಕಂಡದ್ದೂ ಎಂಟು ಸಾಲಿನಾಚೆ, ಕಂಬಗಳ ಸಂದಿನಿಂದ. ಅವಳು ಬಯಲಲ್ಲಿ ನಡೆದದ್ದನ್ನು ಇಷ್ಟು ಹತ್ತಿರದಿಂದ ಎಣಿಕೆಯಣ್ಣ ಆರು ವರ್ಷದಿಂದ ನೋಡಿರಲಿಲ್ಲ. ಇವಳು ಇಷ್ಟು ಕುಳ್ಳಗಾದದ್ದು ಯಾವಾಗ ಎಂದು ಅವನಿಗೆ ಅನ್ನಿಸಿತಂತೆ. ತಲೆಗೆ ಮೊಟಕುವಾಗ ಎಷ್ಟು ಎತ್ತರದಿಂದ ಕೈ ಬರುತ್ತಿತ್ತು.

ಎಣಿಕೆಯ ಹೊತ್ತಿನಲ್ಲಿ ಸ್ಟೂಲು ಬಿಟ್ಟು ಏಳಕೂಡದು. ಇದು ನಿಯಮ. ಮೂವತ್ತೆರಡು ವರ್ಷದಲ್ಲಿ ಜಡಿಮಳೆಗೆ, ಲಾಠಿಚಾರ್ಜಿಗೆ, ಒಮ್ಮೆ ಪಕ್ಕದ ಅಂಗಡಿಗೆ ಬೆಂಕಿ ಬಿದ್ದಾಗಲೂ ಏಳದ ಮನುಷ್ಯ ಎದ್ದ. ಪುಟ್ಟ ಯಂತ್ರವನ್ನು ಸ್ಟೂಲಿನ ಮೇಲಿಟ್ಟ. ಹಲಗೆಯನ್ನು ಗುರಾಣಿಯಂತೆ ಎತ್ತಿ ಹಿಡಿದು ನಾಲ್ಕು ಸಾಲುಗಳ ನಡುವೆ ನಡೆದುಹೋದ. ಎಷ್ಟು ವಾಹನಗಳು ಅವನನ್ನು ಬೈದವು ಎಂಬುದಕ್ಕೆ ದಾಖಲೆಯಿಲ್ಲ.

ಇಬ್ಬರೂ ಡಿವೈಡರಿನ ಅಂಚಿನ ಕಲ್ಲಿನ ಮೇಲೆ ಕುಳಿತರು. ಅವಳಿಗೆ ಏದುಸಿರು.

“ಬರ್ಕೊಂಡ್ಯಾ?” ಎಂದು ಕೇಳಿದಳು.

“ಇನ್ನೂ ಇಲ್ಲ. ನೀನು ಅರ್ಧ ದಾಟಿದೀಯ.”

ಅವಳು ಕೈಯೆತ್ತಿದಳು. ಮೊಟಕಬೇಕೆಂದೇ ಎತ್ತಿದ್ದು. ಆದರೆ ನಗು ಬಂದು ಕೈ ಅವನ ಭುಜದ ಮೇಲೆ ಬಿತ್ತು, ಅಲ್ಲೇ ಉಳಿಯಿತು. ಚೀಲದಲ್ಲಿ ಬಟ್ಟೆ ಸುತ್ತಿದ ಹಿಡಿ ಮುರಿದ ನೀಲಿ ಕಪ್ಪು ಇತ್ತು. ನಿನ್ನದು ನೀನೇ ಇಟ್ಟುಕೋ ಎಂದು ಅವನಿಗೆ ಮರಳಿಸಿ ಜಗಳ ಪೂರ್ತಿ ಮಾಡುವುದಕ್ಕೆ ತಂದಿದ್ದಳೋ, ರಾಜಿಗೆ ತಂದಿದ್ದಳೋ, ಅವಳೇ ಸರಿಯಾಗಿ ಹೇಳಲಿಲ್ಲ.

ಏಳೆಂಟು ನಿಮಿಷ ಕುಳಿತಿದ್ದರು. ಮಂಡಿ ಸಡಿಲವಾದ ಮೇಲೆ, ಇಸ್ತ್ರಿಯವನು ಒಂದು ಕೆಂಪು ಬೆಡ್‌ಶೀಟ್ ಬೀಸುತ್ತ ರಸ್ತೆಗಿಳಿದು ವಾಹನ ತಡೆದ. ಅವನ ಶೌರ್ಯಕ್ಕೆ ಅಂದು ಸಿಕ್ಕಿದ ಒಂದೇ ಅವಕಾಶ ಅದು. ಎಣಿಕೆಯಣ್ಣ ಅಕ್ಕನನ್ನು ಮನೆಗೆ ಮುಟ್ಟಿಸಿ, ಹೆಂಡತಿಯ ವಶಕ್ಕೆ ಒಪ್ಪಿಸಿ, ಸ್ಟೂಲಿಗೆ ಮರಳಿ ಬಂದು ನಮೂನೆಯಲ್ಲಿ ದಾಟಿದವರು ಎಂಬ ಕಡೆ ಒಂದು ಎಂದು ಬರೆದ. ತನ್ನನ್ನು ಸೇರಿಸಲಿಲ್ಲ, ಸಿಬ್ಬಂದಿಯನ್ನು ಎಣಿಸುವಂತಿಲ್ಲ. ತಾನು ಸ್ಟೂಲಿನಲ್ಲಿಲ್ಲದ ಹನ್ನೊಂದು ನಿಮಿಷದ ವಾಹನಗಳ ಅಂಕಣಗಳನ್ನು ಖಾಲಿ ಬಿಟ್ಟ. ಷರಾ ಅಂಕಣದಲ್ಲಿ ಬರೆದ: ‘10.42ರಿಂದ 10.53ರವರೆಗೆ ಎಣಿಕೆ ಇಲ್ಲ. ಎಣಿಸುವವನು ರಸ್ತೆಯ ಮಧ್ಯೆ ಕುಳಿತಿದ್ದ.’

ರಾತ್ರಿ ಎಂಟರ ಹೊತ್ತಿಗೆ ಒಟ್ಟು ದಾಟಿದವರು ಒಂದು. ಬೇಕಾದದ್ದು ಗಂಟೆಗೆ ನೂರು. ಅಕ್ಕನನ್ನು ಅಳಿಯ ಬಂದು ಎರಡು ಬಸ್ಸಿನಲ್ಲಿ ಕರೆದುಕೊಂಡು ಹೋದ. ಕತೆ ಇಲ್ಲಿಗೆ ಮುಗಿಯಿತು ಎಂದು ನಾವೆಲ್ಲ ಅಂದುಕೊಂಡೆವು.

ಆದರೆ ನಮ್ಮ ಕಂಪ್ಯೂಟರಿನ ಸ್ವಭಾವ ವಿಚಿತ್ರ. ಸೊನ್ನೆ ಕೊಟ್ಟರೆ ಅದು ತಕರಾರಿಲ್ಲದೆ ನುಂಗುತ್ತದೆ. ನಲವತ್ತೆಂಟು ಸೊನ್ನೆಗಳನ್ನು ಒಂದು ತೇಗೂ ತೆಗೆಯದೆ ನುಂಗಿತ್ತಲ್ಲ. ಖಾಲಿ ಜಾಗ ಕೊಟ್ಟರೆ ಮಾತ್ರ ಅದಕ್ಕೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಅಂಕಿ ತುಂಬುವಾಕೆ ಮೂರು ಸಲ ಪ್ರಯತ್ನಿಸಿದಳು, ಮೂರು ಸಲವೂ ಕೆಂಪು ಅಕ್ಷರದಲ್ಲಿ ‘ವಿವರ ಅಪೂರ್ಣ’ ಎಂದು ಬಂತು. ಎಣಿಕೆಯಣ್ಣನ ನಮೂನೆಯಲ್ಲಿ ಖಾಲಿ ಜಾಗವೇ ಎಂದು ಆಕೆ ಅದನ್ನು ಹಿಡಿದು ಕಚೇರಿಯೆಲ್ಲ ಸುತ್ತಿದಳು. ಸೂರ್ಯನಲ್ಲಿ ಕಲೆ ಕಂಡವರಂತೆ ನಾವೆಲ್ಲ ಅದನ್ನು ನೋಡಿದೆವು. ಕೊನೆಗೆ ಅದು ಮೇಡಂ ಮೇಜಿಗೆ ಹೋಯಿತು. ಹೀಗಾಗಿ ನಮ್ಮ ಕಚೇರಿಯ ಇತಿಹಾಸದಲ್ಲಿ ಪ್ರಾಯಶಃ ಮೊದಲ ಬಾರಿಗೆ, ಒಬ್ಬ ಅಧಿಕಾರಿ ಷರಾ ಅಂಕಣವನ್ನು ಓದಿದರು.

ಅವನನ್ನು ಕರೆಸಿ, ಯಾಕೆ ಎದ್ದಿರಿ ಎಂದು ಕೇಳಿದರು. ಅಕ್ಕ ಮಧ್ಯದಲ್ಲಿ ನಿಂತುಬಿಟ್ಟಳು ಎಂದ. ಇನ್ನೇನಾದರೂ ಹೇಳುವುದಿದೆಯೇ ಎಂದು ಕೇಳಿದರು. ಇಲ್ಲ ಎಂದ.

ಮಾರನೇ ದಿನ ಮೇಡಂ ಕಾರು ಬಿಟ್ಟು ಆಟೋದಲ್ಲಿ ಒಬ್ಬರೇ ಅಲ್ಲಿಗೆ ಹೋದರು. ದಾಟಲು ನೋಡಿದರು. ಇಪ್ಪತ್ತೈದು ನಿಮಿಷ ನಿಂತಿದ್ದರು, ದಾಟಲಿಲ್ಲ ಎಂದು ಇಸ್ತ್ರಿಯವನು ಪ್ರತ್ಯಕ್ಷ ಸಾಕ್ಷಿ ಹೇಳುತ್ತಾನೆ. ಪಕ್ಕದಲ್ಲಿ ನಿಂತ ಮುದುಕರೊಬ್ಬರು, ಹೊಸಬರಾ, ಅಭ್ಯಾಸ ಆಗತ್ತೆ ಬಿಡಿ ಎಂದು ಸಮಾಧಾನ ಹೇಳಿದರಂತೆ. ಕಚೇರಿಗೆ ಬಂದವರೇ ಹದಿನಾಲ್ಕು ಜಾಗದ ಪಟ್ಟಿಯನ್ನು ಪಕ್ಕಕ್ಕಿಟ್ಟು, ಎಣಿಕೆಯ ಬಾಬತ್ತು ಬಿಟ್ಟು ಅಪಾಯದ ಬಾಬತ್ತಿನಲ್ಲಿ ಅಲ್ಲಿಗೊಂದು ಸಿಗ್ನಲ್ ಬರೆದರು. ಬೇಲಿ ತೆರೆದು, ರಸ್ತೆಗೆ ಪಟ್ಟೆ ಬಳಿದು, ಫ್ಲೈಓವರಿನ ಕೆಳಗೆ ಡಿವೈಡರನ್ನು ಅಗಲ ಮಾಡಿ ಮೊಣಕಾಲೆತ್ತರದ ಒಂದು ಕಟ್ಟೆ ಕಟ್ಟಲು ಏಳು ತಿಂಗಳು ಹಿಡಿಯಿತು.

ಹಸಿರು ದೀಪ ಇಪ್ಪತ್ನಾಲ್ಕು ಸೆಕೆಂಡು. ಅದು ಆರೋಗ್ಯವಂತ ಮನುಷ್ಯನೊಬ್ಬ ಸರಾಗವಾಗಿ ನಡೆದರೆ ಪೂರ್ತಿ ರಸ್ತೆ ದಾಟುವ ಹೊತ್ತು, ಕೋಷ್ಟಕದ ಪ್ರಕಾರ. ಅಕ್ಕನ ಮಂಡಿ ಕೋಷ್ಟಕ ಓದಿಲ್ಲ. ಇಪ್ಪತ್ನಾಲ್ಕು ಸೆಕೆಂಡಿಗೆ ಅವಳು ಸರಿಯಾಗಿ ಮಧ್ಯಕ್ಕೆ ಬರುತ್ತಾಳೆ. ಸಂಜೆ ಆರಕ್ಕೆ ಆ ಕಡೆಯಿಂದ ಅವಳು ಹೊರಡುತ್ತಾಳೆ, ಈ ಕಡೆಯಿಂದ ಇವನು. ಮಧ್ಯದ ಕಟ್ಟೆಯ ಮೇಲೆ ಕೂರುತ್ತಾರೆ. ಮುಂದಿನ ಹಸಿರು ಬರುತ್ತದೆ, ಹೋಗುತ್ತದೆ. ಅದರ ಮುಂದಿನದೂ ಹೋಗುತ್ತದೆ. ಯಾರೂ ಏಳುವುದಿಲ್ಲ. ತಲೆಯ ಮೇಲೆ ನಗರ ಗುಡುಗುತ್ತ ಒಂದು ದಿಕ್ಕಿಗೆ ಓಡುತ್ತದೆ, ಎಡಬಲಗಳಲ್ಲಿ ಎರಡು ದಿಕ್ಕಿಗೆ. ಅವಳು ಬೀನ್ಸಿನ ನಾರು ಬಿಡಿಸುತ್ತಾಳೆ. ಪೂರ್ತಿ ದಾಟಿ ತಮ್ಮನ ಮನೆಗೆ ಅವಳು ಬಂದದ್ದು ಆ ಒಂದು ಸಲ ಮಾತ್ರ. ಅವನು ಅವಳ ಮನೆಗೆ ಹೋಗಬಹುದು, ಇಪ್ಪತ್ನಾಲ್ಕು ಸೆಕೆಂಡು ಅವನಿಗೆ ಸಾಕು, ಹೋಗುವುದೂ ಉಂಟು. ಆದರೆ ಮೆಟ್ಟಿಲಿದ್ದ ಆ ಹಳೆಯ ಮನೆ ಇದ್ದದ್ದು ಹೆಚ್ಚುಕಡಿಮೆ ಈ ಕಟ್ಟೆಯಿರುವ ಜಾಗದಲ್ಲೇ. ನಕ್ಷೆ ತೆಗೆದು ನೋಡಿದೆ, ಎರಡಡಿ ವ್ಯತ್ಯಾಸ. ಇದನ್ನು ಅವರಿಬ್ಬರಿಗೂ ಯಾರೂ ಹೇಳಬೇಕಾಗಿಲ್ಲ.

ಈ ಸುದ್ದಿ ಹಬ್ಬಿ ನಮ್ಮ ಕಚೇರಿಯ ಪ್ರಚಾರಾಧಿಕಾರಿಯ ಕಿವಿಗೆ ಬಿತ್ತು. ವಾರ್ಷಿಕ ವರದಿಯ ಮುಖಪುಟಕ್ಕೆ ಇದಕ್ಕಿಂತ ಬೇಕೇ? ಒಂದು ಸಂಜೆ ಅವರು ಕ್ಯಾಮೆರಾ ಹಿಡಿದು ಹೊರಟರು. ಜಾಗ ತೋರಿಸಲು ನನ್ನನ್ನೂ ಕರೆದೊಯ್ದರು. ಹಸಿರಿನಲ್ಲಿ ಓಡಿ ಕಟ್ಟೆ ತಲುಪಿ, ಅಕ್ಕ ತಮ್ಮಂದಿರ ಎದುರಿಗೆ ಕಾಲು ಅಗಲಿಸಿ ನಿಂತು, ಮೂರು ನಾಲ್ಕು ಚಿತ್ರ ತೆಗೆದರು. ಆಮೇಲೆ ಪುಸ್ತಕ ತೆರೆದು, ಗಂಟಲು ಸರಿಮಾಡಿಕೊಂಡು, ತುಂಬು ಧ್ವನಿಯಲ್ಲಿ ಕೇಳಿದರು: ಆರು ವರ್ಷದ ಅಗಲಿಕೆಯ ನಂತರ, ಅಭಿವೃದ್ಧಿಯ ಮಹಾಪ್ರವಾಹದ ನಟ್ಟನಡುವೆ, ಒಡಹುಟ್ಟಿದ ಈ ಎರಡು ಜೀವಗಳಿಗೆ ಇಲ್ಲಿ ಕುಳಿತಾಗ ಹೃದಯದಲ್ಲಿ ಮೂಡುವ ಭಾವನೆ ಯಾವುದು?

ಅಕ್ಕ ತಮ್ಮನ ಮುಖ ನೋಡಿದಳು. ಎಣಿಕೆಯಣ್ಣ ಬಹಳ ಹೊತ್ತು ಯೋಚಿಸಿದ. ಪ್ರಚಾರಾಧಿಕಾರಿ ಪೆನ್ನು ಸಿದ್ಧವಾಗಿ ಹಿಡಿದಿದ್ದರು.

“ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ ಸಾರ್,” ಎಂದ ಅವನು. “ಗಾಳಿ ಬರ್ತಾ ಇತ್ತು.”